ಹಲವು ಉಪವಾಸಗಳಿಗೆ ಒಂದೇ ಅಡುಗೆ

ಶೆಫೀಲ್ಡ್
25 ಮಾರ್ಚ್ 2025

ತೀರ್ಥರೂಪರಾದ ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ.

ಮೊನ್ನೆ ಭಾನುವಾರ ಸಂಜೆ ಇಲ್ಲಿನ ಚರ್ಚೊಂದರ ಸಭಾಂಗಣದಲ್ಲಿ ಮುಸ್ಲಿಂ, ಕ್ರೈಸ್ತ, ಯೆಹೂದಿ, ಸಿಖ್, ಜೈನ, ಹಿಂದೂ ವಿದ್ಯಾರ್ಥಿಗಳಾದ ನಾವೆಲ್ಲ ಸೇರಿ, ಈ ಊರಿನಲ್ಲಿ ಆಶ್ರಯ ಕೋರಿ ಬಂದಿರುವವರೊಡನೆ ಇಫ್ತಾರ್ ಊಟ ಮಾಡಿದೆವು. ಕಳೆದ ವರ್ಷ ಆಗಸ್ಟ್ 4ರಂದು ಇಲ್ಲಿಗೆ ಸಮೀಪದ ಮ್ಯಾನ್ವರ್ಸ್‌ನಲ್ಲಿ ಇಂಥವರನ್ನು ಇರಿಸಿದ್ದ ಹೋಟೆಲಿಗೆ ಗುಂಪೊಂದು ಮುತ್ತಿಗೆ ಹಾಕಿ, ಒಳಗೆ ಜನರಿರುವಾಗಲೇ ಬೆಂಕಿ ಹಚ್ಚಲು ನೋಡಿತ್ತು. ಆಗ ನೀವು ಗಾಬರಿಯಾಗಿ ಫೋನ್ ಮಾಡಿದ್ದು ನೆನಪಿರಬಹುದು. 2007ರಲ್ಲೇ ಬ್ರಿಟನ್ನಿನ ಮೊದಲ ‘ಸಿಟಿ ಆಫ್ ಸ್ಯಾಂಕ್ಚುರಿ’ (ಆಶ್ರಯ ಕೋರಿ ಬಂದವರನ್ನು ಸ್ವಾಗತಿಸುವ ನಗರ) ಎನಿಸಿಕೊಂಡ ಈ ಊರಿನ ಮಗ್ಗುಲಲ್ಲೇ ಹೀಗಾಯಿತಲ್ಲ ಎಂಬ ಸಂಕಟದಿಂದ ಹುಟ್ಟಿದ ಯೋಚನೆ ಇದು.

ಏನು ಬೇಯಿಸುವುದೆಂಬುದೇ ದೊಡ್ಡ ಚರ್ಚೆಯಾಯಿತು. ಮಾಂಸವನ್ನು ಬಿಟ್ಟರೆ ಹಲಾಲ್ ಪ್ರಶ್ನೆ ಮುಗಿಯುತ್ತದೆ ಎಂದುಕೊಂಡಿದ್ದೆವು. ಆದರೆ ಎರಿಟ್ರಿಯಾದ ಆರ್ಥೊಡಾಕ್ಸ್ ಕ್ರೈಸ್ತರಿಗೆ ಇದು ಈಸ್ಟರ್‌ಗೆ ಮುಂಚಿನ ದೀರ್ಘ ಉಪವಾಸದ ಕಾಲವಾದ್ದರಿಂದ ಹಾಲು, ಬೆಣ್ಣೆ, ಮೊಟ್ಟೆಗಳೂ ಅವರಿಗೆ ವರ್ಜ್ಯ. ಜೈನ ಗೆಳತಿಗೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಒಂದು ಬಗೆಯಾದರೂ ಇರಬೇಕಿತ್ತು. ಆಚಾರವಂತ ಯೆಹೂದಿ ಗೆಳೆಯನೊಬ್ಬನಿಗಾಗಿ ಹೊಸ ಪಾತ್ರೆಗಳನ್ನು ಕೊಂಡು ತಂದೆವು. ಒಲೆಯನ್ನೂ ಅವನೇ ಹಚ್ಚಿದನು. ಅಜ್ಜಿಯ ಮಡಿಯನ್ನು ಕಂಡು ಬೆಳೆದ ನನಗೆ ಇದರಲ್ಲಿ ಯಾವುದೂ ಅತಿಯೆನಿಸಲಿಲ್ಲ. ನಾನು ತುಪ್ಪ ಮುಟ್ಟದೆ ಎಣ್ಣೆಯ ಒಗ್ಗರಣೆಯಲ್ಲಿ ಚಿತ್ರಾನ್ನ ಮಾಡಿದೆ.

ಆದರೆ ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಬೇರೆ. ಅತಿಥಿಗಳೆಂದು ನಾವು ಕರೆದವರು ತಾವೂ ಅಡುಗೆ ಮಾಡುತ್ತೇವೆಂದು ಹಟ ಹಿಡಿದರು. ಇಲ್ಲಿ ಆಶ್ರಯದ ಅರ್ಜಿ ಹಾಕಿದವರು ಒಂದು ವರ್ಷ ಕಳೆಯುವವರೆಗೆ ದುಡಿಯಲು ಅನುಮತಿಯನ್ನೂ ಕೇಳುವಂತಿಲ್ಲ. ಮನೆ ಸಿಕ್ಕವರಿಗೆ ಸರ್ಕಾರದಿಂದ ಬರುವುದು ಆಹಾರ, ಬಟ್ಟೆ, ಓಡಾಟಕ್ಕೆಲ್ಲ ಸೇರಿ ವಾರಕ್ಕೆ 49.18 ಪೌಂಡ್, ಊಟ ಕೊಡುವ ಹೋಟೆಲುಗಳಲ್ಲಿರುವವರಿಗೆ ಹತ್ತು ಪೌಂಡಿಗೂ ಕಡಿಮೆ. ಆ ಹೋಟೆಲು ಕೋಣೆಗಳಲ್ಲಿ ಒಲೆಯಿಲ್ಲ. ತಿಂಗಳುಗಟ್ಟಲೆ ಬೇರೆಯವರು ಪೊಟ್ಟಣ ಕಟ್ಟಿ ಕೊಟ್ಟದ್ದನ್ನೇ ತಿಂದ ಎರಿಟ್ರಿಯಾದ ತಾಯಿಯೊಬ್ಬರು ಆ ದಿನ ಇಂಜೆರಾ ಎಂಬ ದೋಸೆಯಂಥ ರೊಟ್ಟಿ ಹೊಯ್ದು, ಖಾರದ ಬೇಳೆ ಬೇಯಿಸಿ, ನಮಗೆಲ್ಲ ಕೈಯಾರೆ ಬಡಿಸಿ, ಸಾಕೆಂದರೂ ಬಿಡದೆ ಮತ್ತೊಮ್ಮೆ ಹಾಕಿದರು. ಸುಡಾನಿನ ಇಬ್ಬರು ಹುಡುಗರು ಎಳ್ಳೆಣ್ಣೆ ಹಾಕಿ ಫೂಲ್ ಎಂಬ ಕಾಳಿನ ಅಡುಗೆ ಮಾಡಿದ್ದರು. ಉಣ್ಣಿಸುವ ಹಕ್ಕನ್ನೂ ಮನುಷ್ಯರಿಂದ ಕಿತ್ತುಕೊಳ್ಳಬಹುದೆಂದು ನಾನು ಅದುವರೆಗೆ ಯೋಚಿಸಿರಲೇ ಇಲ್ಲ. ಸಂಜೆ ಆರೂವರೆಯ ಸುಮಾರಿಗೆ ಸೂರ್ಯ ಮುಳುಗಿದ ಮೇಲೆ ಉಪವಾಸವಿದ್ದವರು ಖರ್ಜೂರ ಬಾಯಿಗಿಟ್ಟರು. ಅಲ್ಲಿಯವರೆಗೆ ಉಳಿದ ಯಾರೂ ತಟ್ಟೆ ಮುಟ್ಟಲಿಲ್ಲ. ವಿದ್ಯಾರ್ಥಿಗಳು ಊಟಕ್ಕೆಂದು ಕೊಟ್ಟ ಹಣವನ್ನು ಆಶ್ರಯ ಕೋರಿದ ಈ ಜನರು ವಕೀಲರನ್ನು ಕಾಣಲು ಹೋಗಿಬರುವ ಬಸ್ಸಿನ ಖರ್ಚಿಗೆ ಎತ್ತಿಟ್ಟಿದ್ದೇವೆ.

ಊಟದ ನಡುವೆ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ವಿಷಯ ಹೇಳಿದೆ. ನಿರಾಶ್ರಿತರನ್ನು ಕುರಿತ 1951ರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದರೂ 1960ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ಟಿಬೆಟಿಯನ್ನರಿಗೆ ಅಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು, ಅವರು ಆನೆಗಳ ಕಾಟದ ನಡುವೆ ಅದನ್ನು ಹಸನು ಮಾಡಿ ಮುಸುಕಿನ ಜೋಳ ಬೆಳೆದರು ಎಂದಾಗ ಎಲ್ಲರೂ ಕೆದಕಿ ಕೆದಕಿ ಕೇಳಿದರು. ಬಂದ ಹೊಸದರಲ್ಲಿ ಅವರಿಗೂ ಸುತ್ತಲ ಹಳ್ಳಿಯವರಿಗೂ ಕೊಡುಕೊಳ್ಳುವಿಕೆ ಹೇಗಿತ್ತು, ಜಗಳಗಳಾದವೇ ಎಂಬುದಕ್ಕೆ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಅಪ್ಪಾ, ನಮ್ಮ ಅಜ್ಜ ಆ ಕಾಲವನ್ನು ಕಣ್ಣಾರೆ ಕಂಡವರು. ದಯವಿಟ್ಟು ಅವರ ಪಕ್ಕ ಕುಳಿತು, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದು ಕಳುಹಿಸಿ, ಅಹಿತವಾದದ್ದನ್ನೂ ಬಿಡಬೇಡಿ. ಜೂನ್ 20ರ ವಿಶ್ವ ನಿರಾಶ್ರಿತರ ದಿನಕ್ಕೆ ಮತ್ತೆ ಸೇರಲಿದ್ದೇವೆ, ಅಂದು ಅದನ್ನು ಓದುತ್ತೇನೆ. ಅಮ್ಮ, ಹಾಲು, ತುಪ್ಪ, ಈರುಳ್ಳಿ ಯಾವುದೂ ಇಲ್ಲದೆ ನೂರು ಜನಕ್ಕಾಗುವ ಪುಳಿಯೋಗರೆ ಗೊಜ್ಜಿನ ಅಳತೆಯನ್ನು ನೀವೂ ಅದೇ ಪತ್ರದಲ್ಲಿ ಬರೆಯಿರಿ.

ಇಂತಿ ನಿಮ್ಮ ಮಗಳು