ಅಪ್ಪ ಮಾಳಿಗೆ ಹತ್ತುವುದು ಬೇಡ

ಸಾಂಟಾ ಫೆ
ನ್ಯೂ ಮೆಕ್ಸಿಕೊ, ಅಮೆರಿಕ
ಮೇ 19, ಬೆಳಿಗ್ಗೆ

ಅವ್ವಾ,

ನಿನಗೂ ಅಪ್ಪನಿಗೂ ನಮಸ್ಕಾರ. ನಾನು ಆರಾಮ ಇದ್ದೇನೆ. ನೀವೂ ಆರಾಮ ಇದ್ದೀರಿ ಎಂದು ನಂಬಿಕೊಂಡು ಕೂರುವ ಹಾಗಿಲ್ಲ. ಅಕ್ಕನ ಪತ್ರ ಬಂದಿದೆ.

ಅವಳು ಎಲ್ಲ ಬರೆದಿದ್ದಾಳೆ. ಮಳೆಗೆ ಮುಂಚೆ, ಸೋರದಂತೆ ಕರಲು ಮಣ್ಣು ಹರಡಲು ಅಪ್ಪ ಮಾಳಿಗೆ ಹತ್ತಿದ್ದು, ಬೆಳಕಿಂಡಿ ಪಕ್ಕ ಬಗ್ಗಿ ಎದ್ದಾಗ ಕಣ್ಣು ಕತ್ತಲೆ ಬಂದದ್ದು, ಅಲ್ಲೇ ಕುಸಿದು ಕೂತದ್ದು. ಮಂಜು ಜೊತೆಗಿದ್ದ, ಕೈ ಹಿಡಿದ. ಅವನು ಹೊಲಕ್ಕೆ ಹೋಗಿದ್ದರೆ? ಹೋದ ವಾರ ಫೋನು ಮಾಡಿದಾಗ ನೀನು "ಎಲ್ಲ ಆರಾಮ ಐತಿ" ಎಂದೆ. ಅಪ್ಪ ಇಲ್ಲಿನ ಚಳಿ ಕೇಳಿದರು, ಬಾಡಿಗೆ ಎಷ್ಟು ಎಂದು ಕೇಳಿದರು, ಇದೊಂದನ್ನು ಹೇಳಲಿಲ್ಲ. ಫೋನಿನಲ್ಲಿ ಅವರು ಮಾತು ಮರೆಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಮಂಜು ಪ್ರಿಂಟ್ ತೆಗೆಸಿ ಅಪ್ಪನ ಎದುರಿಗೇ ಕೂತು ಗಟ್ಟಿಯಾಗಿ ಓದಲಿ.

ನಾನು ಇಲ್ಲಿ ಏನು ಕೆಲಸ ಮಾಡುತ್ತೇನೆ ಎಂದು ಚಿಕ್ಕವ್ವ ಮತ್ತೆ ಕೇಳಿದಳಂತೆ. ಕಂಪ್ಯೂಟರಿನಲ್ಲಿ ಮನೆಗೆ ಜಂತಿ ಕೂರಿಸುತ್ತಾಳೆ ಎಂದು ಹೇಳು. ನಿಜವಾಗಿಯೂ ಅದೇ ಕೆಲಸ.

ಈ ಊರಿನ ಮನೆಗಳನ್ನು ನೋಡಿದರೆ ನಿನಗೆ ನಮ್ಮೂರೇ ಅನಿಸುತ್ತದೆ. ಮಣ್ಣಿನ ಬಣ್ಣದ ಗೋಡೆ, ಚಪ್ಪಟೆ ಮಾಳಿಗೆ. ಸಿಪ್ಪೆ ಸುಲಿದ ಪೈನ್ ಮರದ ದುಂಡು ದಿಮ್ಮಿಗಳನ್ನು ಗೋಡೆಯಿಂದ ಗೋಡೆಗೆ ಇಡುತ್ತಾರೆ. ಅದಕ್ಕೆ ವಿಗಾ ಎನ್ನುತ್ತಾರೆ, ಅದೇ ನಮ್ಮ ಜಂತಿ. ಅದರ ಮೇಲೆ ಒತ್ತೊತ್ತಾಗಿ ಹಾಸುವ ಸಣ್ಣ ಕೋಲುಗಳಿಗೆ ಲಟಿಯಾ ಎಂದು ಹೆಸರು. ಹಳೆಯ ಮನೆಗಳಲ್ಲಿ ಕೋಲಿನ ಮೇಲೆ ಮಣ್ಣು. ಮಳೆ ನೀರು ಹೊರಗೆ ಬೀಳಲು ಗೋಡೆಯಿಂದ ಚಾಚಿದ ಮರದ ದೋಣಿ, ಥೇಟ್ ನಮ್ಮ ಹರನಾಳ. ಕಂಬದ ಮೇಲೆ ಕೆತ್ತಿದ ಬೋದಿಗೆ ಕೂಡ ಇದೆ ಅವ್ವಾ! ಊರು 1610ರಲ್ಲಿ ಸ್ಪೇನಿನವರು ಕಟ್ಟಿದ್ದು. ಮಣ್ಣಿನ ಮನೆ ಮಾತ್ರ ಅವರು ಬರುವುದಕ್ಕೂ ಮುಂಚಿನಿಂದ ಇಲ್ಲಿನ ಮೂಲನಿವಾಸಿಗಳಾದ ಪ್ಯೂಬ್ಲೊ ಜನರದ್ದು. ಹಳೆಯ ಊರಿನ ಭಾಗದಲ್ಲಿ ಹೊಸ ಮನೆ ಕಟ್ಟಿದರೂ ಹಳೆಯ ರೀತಿಯಲ್ಲೇ ಕಾಣಬೇಕು ಎಂದು 1957ರಲ್ಲಿ ಕಾನೂನು ಮಾಡಿದ್ದಾರೆ. ನಮ್ಮಲ್ಲಿ ಮಣ್ಣಿನ ಮಾಳಿಗೆ ಎಂದರೆ ಬೀಗರು ಮೂಗು ಮುರಿಯುತ್ತಾರೆ. ಇಲ್ಲಿ ಅದಕ್ಕೇ ಬೆಲೆ ಜಾಸ್ತಿ.

ಎಷ್ಟೋ ಹೊಸ ಮನೆಗಳಲ್ಲಿ ಚಾವಣಿ ಹೊರುವ ಮರ ಬೇರೆ, ಅದು ಒಳಗೆ ಮುಚ್ಚಿಹೋಗಿರುತ್ತದೆ. ಕೆಳಗೆ ಕಾಣುವ ವಿಗಾ ಬರೀ ಅಂದಕ್ಕೆ. ಅದು ಹೇಗೆ ಕಾಣುತ್ತದೆ ಎಂದು ಮನೆಯವರಿಗೆ ಮೊದಲೇ ತೋರಿಸುವುದು ನನ್ನ ಕೆಲಸ. ಹೋದ ತಿಂಗಳು 24 ಅಡಿ ಉದ್ದದ ಕೋಣೆ ಬಂತು. ಸ್ಕೆಚ್‌ಅಪ್ ಎಂಬ ಸಾಫ್ಟ್‌ವೇರ್ ಇದೆ. ವೃತ್ತ ಬರೆದು ಎಳೆದರೆ ದಿಮ್ಮಿಯಾಗುತ್ತದೆ. ಅದನ್ನು ಕಾಂಪೊನೆಂಟ್ ಮಾಡಿ ಇಟ್ಟುಕೊಂಡರೆ ಒಂದನ್ನು ತಿದ್ದಿದಾಗ ಅದರ ನಕಲುಗಳೆಲ್ಲ ತಾವೇ ಬದಲಾಗುತ್ತವೆ. ಒಂದನ್ನು ಈ ಗೋಡೆಗೆ, ಅದರ ನಕಲನ್ನು ಆ ಗೋಡೆಗೆ ಇಟ್ಟು, ಓರೆ ಗೀಟು ಹಾಕಿ 8 ಎಂದು ಒತ್ತಿದೆ, ಅಂದರೆ ನಡುವಿನ ಜಾಗವನ್ನು ಎಂಟು ಪಾಲು ಮಾಡು ಎಂದು. ಮೂರು ಮೂರು ಅಡಿಗೆ ಒಂದೊಂದು ಕೂತಿತು. ಗೋಡೆಗೆ ಸೇರಿಹೋದ ಎರಡನ್ನು ಅಳಿಸಿದರೆ ಉಳಿದದ್ದು ಏಳು. ನಮ್ಮ ಕಡೆ ಮನೆಯನ್ನು ಅಂಕಣದ, ಅಂದರೆ ಕಂಬ ಕಂಬದ ನಡುವಿನ ಜಾಗದ ಲೆಕ್ಕದಲ್ಲಿ ಹೇಳುತ್ತೇವೆ, ನಮ್ಮದು ಐದಂಕಣದ ಮನೆ ಎಂದು ಜೊತೆಯವರಿಗೆ ಹೇಳಿದೆ. ಆ ಮಾತು ಅವರಿಗೆ ಬಹಳ ಹಿಡಿಸಿತು.

ಆದರೆ ಮನೆಯವರು ಒಪ್ಪಲಿಲ್ಲ. ಪೈಪು ಜೋಡಿಸಿದ ಹಾಗೆ ಕಾಣುತ್ತದೆ ಎಂದರು. ಎರಡು ದಿನ ಏನು ಮಾಡಿದರೂ ಸರಿಹೋಗಲಿಲ್ಲ. ರಾತ್ರಿ ಮಲಗಿದಾಗ ನಮ್ಮ ಪಡಸಾಲೆಯ ಜಂತಿ ನೆನಪಾದವು. ಚಿಕ್ಕವಳಿದ್ದಾಗ ಜ್ವರ ಬಂದರೆ ಮಲಗಿಕೊಂಡು ಅವನ್ನೇ ಎಣಿಸುತ್ತಿದ್ದೆನಲ್ಲ. ಬುಡ ದಪ್ಪ, ತುದಿ ಸಣ್ಣ. ಮೂರನೆಯದಕ್ಕೆ ದೊಡ್ಡ ಗಂಟು. ಬಡಿಗೇರ ಅಜ್ಜ ಒಂದರ ಬುಡ ಈ ಗೋಡೆಗೆ, ಇನ್ನೊಂದರ ಬುಡ ಆ ಗೋಡೆಗೆ ಬರುವಂತೆ ಇಟ್ಟಿದ್ದ. ಬೆಳಿಗ್ಗೆ ಎದ್ದು ಹಾಗೇ ಮಾಡಿದೆ. ಒಂದು ತುದಿಯನ್ನು ಕಿರಿದು ಮಾಡಿದೆ. ಮೂರು ಬಗೆಯ ದಿಮ್ಮಿ ಮಾಡಿ ಬುಡ ತುದಿ ಅದಲು ಬದಲು ಇಟ್ಟೆ. ಗಂಟು ಎಲ್ಲದಕ್ಕೂ ಒಂದೇ ಕಡೆ ಕಾಣಬಾರದೆಂದು ಒಂದೊಂದನ್ನೂ ಇದ್ದಲ್ಲೇ ಸ್ವಲ್ಪ ತಿರುಗಿಸಿದೆ. ಲಟಿಯಾ ನೂರಾರು ಬೇಕಲ್ವಾ, ಎಲ್ಲವನ್ನೂ ನುಣ್ಣಗೆ ದುಂಡಗೆ ಮಾಡಿದರೆ ಕಂಪ್ಯೂಟರ್ ಏಳುವುದೇ ಇಲ್ಲ. ಅದು ವೃತ್ತವನ್ನು 24 ಗೆರೆಗಳಿಂದ ಬರೆಯುತ್ತದೆ, ನಾನು ಕೋಲಿಗೆ 8 ಸಾಕು ಎಂದೆ. ಕೆಳಗೆ ನಿಂತವರಿಗೆ ಗೊತ್ತಾಗುವುದಿಲ್ಲ. ಈ ಸಲ ಆ ಮನೆಯಾಕೆ ಸುಮ್ನೆ ಬಹಳ ಹೊತ್ತು ನೋಡಿ, "ಇದೇ" ಎಂದರು. ಅಪ್ಪನಿಗೆ ಹೇಳು, ನಮ್ಮ ಪಡಸಾಲೆಯ ಜಂತಿ ಸಾಂಟಾ ಫೆಗೂ ಬಂದಿವೆ.

ಅಕ್ಕನ ಪತ್ರ ಓದಿದ ದಿನ ನಿದ್ದೆ ಬರಲಿಲ್ಲ. ಮಂಜು ಯುಗಾದಿಗೆ ಕಳಿಸಿದ ಫೋಟೊಗಳನ್ನು ಇಟ್ಟುಕೊಂಡು ನಮ್ಮ ಪಡಸಾಲೆಯನ್ನೇ ಕಂಪ್ಯೂಟರಿನಲ್ಲಿ ಕಟ್ಟಿದೆ. ಬಾಗಿಲಿನಿಂದ ನಾಲ್ಕನೆಯ ಜಂತಿ ನಡುವೆ ಜಗ್ಗಿದೆ. ಪಕ್ಕದಲ್ಲಿ ನೇರ ದಿಮ್ಮಿ ಇಟ್ಟು ನೋಡಿದರೆ ಎದ್ದು ಕಾಣುತ್ತದೆ. ಈ ಸಾಫ್ಟ್‌ವೇರ್ ಆಕಾರ ತೋರಿಸುತ್ತದೆ, ಎಷ್ಟು ಭಾರ ತಡೆಯುತ್ತದೆ ಎಂದು ಹೇಳುವುದಿಲ್ಲ. ಅದನ್ನು ಬಡಿಗೇರ ಕಾಕಾ ಕುಟ್ಟಿ ನೋಡಿಯೇ ಹೇಳಬೇಕು. ಆದರೆ ಒಂದು ಲೆಕ್ಕ ನನಗೂ ಗೊತ್ತು. ವರ್ಷಾ ವರ್ಷಾ ಹಳೆಯ ಮಣ್ಣಿನ ಮೇಲೆಯೇ ಹೊಸ ಮಣ್ಣು ಹಾಕುತ್ತಾ ಬಂದಿದ್ದೇವೆ. ಒಂದು ಅಡಿ ದಪ್ಪದ ಹಸಿ ಮಣ್ಣು ಒಂದು ಚದರ ಅಡಿಗೆ 50 ಕೆ.ಜಿ. ಹತ್ತಿರ ತೂಗುತ್ತದೆ. ಹತ್ತು ಅಡಿಗೆ ಹತ್ತು ಅಡಿ ಜಾಗಕ್ಕೆ 5 ಟನ್. ಅಂಥದ್ದರ ಮೇಲೆ ತಲೆ ಸುತ್ತುವ ಮನುಷ್ಯ ನಿಂತಿದ್ದಾರೆ ಎಂದು ನೆನೆದರೆ ನನ್ನ ಕೈ ನಡುಗುತ್ತದೆ.

ಅಪ್ಪಾ, ನಿಮಗೇ ಹೇಳುತ್ತಿದ್ದೇನೆ. ಈ ವರ್ಷ ನೀವು ಮಾಳಿಗೆ ಹತ್ತಬೇಡಿ. ನೀವು ಹಾಕಿದಷ್ಟು ಚೆಂದ ಬೇರೆಯವರು ಮೇಲ್ಮುದ್ದೆ ಹಾಕುವುದಿಲ್ಲ, ನನಗೆ ಗೊತ್ತು. ಸ್ವಲ್ಪ ಸೋರಿದರೆ ಸೋರಲಿ. ಕೂಲಿಯವರು ಮೊದಲು ಹಳೆಯ ಮಣ್ಣು ಕೆರೆದು ಇಳಿಸಲಿ, ಆಮೇಲೆ ತೆಳ್ಳಗೆ ಹೊಸದು ಹಾಕಲಿ. ಅದಕ್ಕೂ ಮುಂಚೆ ನಾಲ್ಕನೆಯ ಜಂತಿಯ ಕೆಳಗೆ ಒಂದು ಆಸರೆ ಕಂಬ ಕೊಡಿಸಿ. ನೀವು ಕಟ್ಟೆಯ ಮೇಲೆ ಕೂತು ಹೇಳಿ, ಅವರು ಮಾಡುತ್ತಾರೆ.

ಅವ್ವಾ, ಈ ವಾರವೇ ಅಪ್ಪನನ್ನು ಗದಗಿಗೆ ಕರೆದುಕೊಂಡು ಹೋಗಿ ತೋರಿಸಿ. ಬಿ.ಪಿ.ಯನ್ನು ಮಲಗಿದಾಗ ಒಮ್ಮೆ, ಎದ್ದು ನಿಂತಾಗ ಒಮ್ಮೆ ನೋಡಿ ಎಂದು ಡಾಕ್ಟರಿಗೆ ಹೇಳಿ. ಅವತ್ತು ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, ರೊಟ್ಟಿ ತಿನ್ನದೆ ಮೇಲೆ ಹತ್ತಿದ್ದರಂತೆ. ಅದನ್ನೂ ಮುಚ್ಚಿಡದೆ ಹೇಳಿ. ಗುಳಿಗೆ ಚೀಟಿಗಳನ್ನೆಲ್ಲ ಜೊತೆಗೆ ಒಯ್ಯಿರಿ. ಏಣಿಯನ್ನು ಇವತ್ತೇ ಅತ್ತೆಯ ಮನೆಗೆ ಸಾಗಿಸು. ಮನೆಯಲ್ಲಿದ್ದರೆ ಅಪ್ಪ ಹತ್ತಿಯೇ ಹತ್ತುತ್ತಾರೆ.

ದುಡ್ಡಿನ ಚಿಂತೆ ಬೇಡವೇ ಬೇಡ. ಕೂಲಿಗೂ ಆಸ್ಪತ್ರೆಗೂ ಮಂಜುವಿನ ಖಾತೆಗೆ ಹಾಕಿದ್ದೇನೆ. ನನಗೆ ಏನೂ ಕಡಿಮೆಯಿಲ್ಲ. ಆರೋಗ್ಯ ಚೆನ್ನಾಗಿದೆ, ನಿದ್ದೆ ಚೆನ್ನಾಗಿದೆ, ಎಲ್ಲ ಚೆನ್ನಾಗಿದೆ. ಊರು 7,000 ಅಡಿ ಎತ್ತರದಲ್ಲಿರುವುದರಿಂದ ಮೊದಮೊದಲು ಉಸಿರು ಕಟ್ಟುತ್ತಿತ್ತು, ಈಗ ಒಂದಿಷ್ಟೂ ಇಲ್ಲ. ಜೋಳದ ಹಿಟ್ಟು ಸಿಗುತ್ತದೆ, ರೊಟ್ಟಿ ನಾನೇ ತಟ್ಟುತ್ತೇನೆ. ಇಲ್ಲಿ ಹೋಟೆಲಿನಲ್ಲಿ ಕೂತರೆ ಕೆಂಪು ಮೆಣಸಿನಕಾಯಿಯೋ ಹಸಿರೋ ಎಂದು ಕೇಳುತ್ತಾರೆ. ಸುಟ್ಟ ಹಸಿರು ಮೆಣಸಿನಕಾಯಿ ರೊಟ್ಟಿಗೆ ಬಹಳ ರುಚಿ. ನನ್ನ ಊಟದ ಚಿಂತೆ ಮಾಡಲೇಬೇಡ.

ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸಿ ಎಂದು ದೊಡ್ಡಪ್ಪ ಹೇಳುತ್ತಿದ್ದಾರಂತೆ. ದೀಪಾವಳಿಗೆ ನಾನು ಬಂದ ಮೇಲೆ ಮಾತಾಡೋಣ. ಅಲ್ಲಿಯವರೆಗೆ ಒಂದು ಜಂತಿಯನ್ನೂ ಯಾರಿಗೂ ಕೊಡಬೇಡಿ.

ಬಸ್ಸಿಗೆ ಹೊತ್ತಾಯಿತು. ಡಾಕ್ಟರ್ ಏನೆಂದರು ಎಂದು ಅವತ್ತೇ ಮಂಜು ತಿಳಿಸಲಿ, ಇಲ್ಲಿ ನಡುರಾತ್ರಿಯಾದರೂ ಪರವಾಗಿಲ್ಲ. ಏಣಿ ಮರೆಯಬೇಡ.

ನಿನ್ನ
ಗೀತಾ