ಬಸ್ಸು ಹೊರಡುವ ಮುಂಚೆ ಹತ್ತು ನಿಮಿಷ

ಮಾನ್ಯರೇ,

ಮೂವತ್ತು ವರ್ಷದಿಂದ ನಾಡದೋಣಿಯಲ್ಲಿ ಮೀನು ಹಿಡಿಯುವವನು ನಾನು. ದಡದಲ್ಲಿ ಬಲೆ ಸರಿಮಾಡುತ್ತ ಕೂತವನು ಮುಳುಗುವವರ ಕೂಗು ಕೇಳಿ ಓಡಿದ್ದು ಎಷ್ಟು ಸಲವೋ. ಇದಕ್ಕೆ ಸಂಬಳವಿಲ್ಲ, ಸೀಮೆಎಣ್ಣೆಯ ದುಡ್ಡೂ ನಮ್ಮದೇ.

2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಕಡಲಲ್ಲಿ ಮುಳುಗಿ ತೀರಿಕೊಂಡ ಮೇಲೆ ಬೇಲಿ, ಬೋರ್ಡುಗಳ ಮಾತು ಬಹಳ ಕೇಳಿದ್ದೇನೆ. ಬಯಲುಸೀಮೆಯ ಮಕ್ಕಳಿಗೆ ಕಡಲನ್ನು ನೋಡಲು ಕಲಿಸುವವರು ಯಾರು? ಎರಡೂ ಕಡೆ ತೆರೆ ಒಡೆಯುತ್ತ, ನಡುವೆ ಮಾತ್ರ ನೀರು ಶಾಂತವಾಗಿ ಕಂಡರೆ ಅವರು ಅಲ್ಲಿಗೇ ಇಳಿಯುತ್ತಾರೆ. ದಡಕ್ಕೆ ಬಂದ ನೀರು ವಾಪಸ್ ಹೋಗುವ ದಾರಿ ಅದು. ಅಲ್ಲಿನ ಸೆಳೆತ ಒಳ್ಳೆಯ ಈಜುಗಾರನನ್ನೂ ಬಿಡುವುದಿಲ್ಲ. ಎದುರು ಈಜಿದರೆ ಸುಸ್ತಾಗಿ ಮುಳುಗುತ್ತಾರೆ. ದಡದ ಗುಂಟ ಪಕ್ಕಕ್ಕೆ ಈಜಿ ಸೆಳೆತ ದಾಟಬೇಕು. ಆಗದಿದ್ದರೆ ಅಂಗಾತ ತೇಲುತ್ತ ಕೈಯೆತ್ತಬೇಕು.

ಕಳೆದ ವರ್ಷ ಒಬ್ಬ ಹುಡುಗನಿಗೆ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನು ಹಗ್ಗ ಕಟ್ಟಿ ಎಸೆದೆ. ಅಪ್ಪಿಕೊಂಡವನು ದಡ ಮುಟ್ಟಿದ ಮೇಲೂ ಅದನ್ನು ಬಿಡಲಿಲ್ಲ. ಅವನನ್ನು ಉಳಿಸಲೆಂದು ಬರಿಗೈಯಲ್ಲಿ ಹಾರಿದ್ದ ಗೆಳೆಯನನ್ನು ತರುವಷ್ಟರಲ್ಲಿ ಮಾತ್ರ ನನಗೇ ಉಸಿರು ಕಟ್ಟಿತ್ತು.

ಪ್ರವಾಸದ ಬಸ್ಸು ಹೊರಡುವ ಮುಂಚೆ ಶಾಲೆಯಲ್ಲೇ ಹತ್ತು ನಿಮಿಷ ಇಷ್ಟನ್ನು ಹೇಳಿಕೊಡಲಿ. ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವ ಜೂನ್, ಜುಲೈನಲ್ಲಿ ನಮ್ಮೂರಿನ ಹುಡುಗರು ಬಿಡುವಾಗಿರುತ್ತಾರೆ. ಶಿಕ್ಷಣ ಇಲಾಖೆ ಬಸ್ ಚಾರ್ಜು ಕೊಟ್ಟರೆ ಘಟ್ಟದ ಮೇಲಿನ ಶಾಲೆಗಳಿಗೂ ಬಂದು ಕಲಿಸಿಯಾರು. ಕ್ಯಾನು, ಹಗ್ಗ ನಾವೇ ತರುತ್ತೇವೆ.

– ನಾಡದೋಣಿ ಮೀನುಗಾರ, ಭಟ್ಕಳ ತಾಲ್ಲೂಕು