ಕೊಬ್ಬರಿ ಧಾರಣೆಯ ಪಕ್ಕ ಕಡಲಿನ ಉಬ್ಬರ ಇಳಿತವನ್ನೂ ಹಾಕಿ

ಮಾನ್ಯ ಸಂಪಾದಕರೇ, ನಮಸ್ಕಾರ.

ನಾನು ತಿಪಟೂರಿನವನು, ಇಲ್ಲಿನ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ಕಣ್ಣು ಹೋಗುವುದು ಕೊಬ್ಬರಿ ಧಾರಣೆಗೆ. ಆಮೇಲೆ ಜಲಾಶಯಗಳ ನೀರಿನ ಮಟ್ಟ, ಚಿನ್ನ ಬೆಳ್ಳಿ, ಪಂಚಾಂಗ. ಅದೇ ಜಾಗದಲ್ಲಿ ಇನ್ನೆರಡು ಸಾಲು ಸೇರಿಸಿ ಎಂದು ಕೇಳುವುದಕ್ಕೇ ಈ ಪತ್ರ. ಮಂಗಳೂರು, ಮಲ್ಪೆ, ಕಾರವಾರದಲ್ಲಿ ಆ ದಿನ ಉಬ್ಬರ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ, ಕಡಲು ಸಮಾಧಾನವಾಗಿದೆಯೋ ಜೋರಾಗಿದೆಯೋ. ಅಷ್ಟೇ. ತಿಪಟೂರಿನವನಿಗೆ ಇದೆಲ್ಲ ಯಾಕೆ ಅನ್ನಿಸಬಹುದು. ಆದರೆ ಬಯಲುಸೀಮೆಯವರಿಗೇ ಇದು ಜಾಸ್ತಿ ಬೇಕು. ಮೀನುಗಾರರಿಗೆ ಕಡಲು ಗೊತ್ತು, ನಮಗೆ ಗೊತ್ತಿಲ್ಲ.

ಯಾಕೆ ಹೀಗೆ ಹೇಳುತ್ತಿದ್ದೇನೆ ಎಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ದಯವಿಟ್ಟು ಕತ್ತರಿಸಬೇಡಿ.

ನನ್ನ ಮಗಳಿಗೆ ಹದಿನೇಳು ವರ್ಷ. ಫೋನಿನಲ್ಲಿ ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಕಡಲಿನ ಅಲೆಯ ಸವಾರಿ ಮಾಡುವ ಆಟದ ವಿಡಿಯೊ ನೋಡಿ ನೋಡಿ ತಾನೂ ಕಲಿಯಬೇಕು ಅಂತ ಹಟ ಹಿಡಿದಿದ್ದಳು. ಅದಕ್ಕೆಲ್ಲ ಗೋವಾಕ್ಕೋ ವಿದೇಶಕ್ಕೋ ಹೋಗಬೇಕು ಅಂತ ನಾನು ಅಂದುಕೊಂಡಿದ್ದೆ. ನಮ್ಮ ಮೂಲ್ಕಿಯಲ್ಲೇ ಇದೆ ಅಪ್ಪ ಎಂದು ಅವಳೇ ಹೇಳಿದಳು. ಮಂಗಳೂರಿನಿಂದ ಉಡುಪಿ ಕಡೆಗೆ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್, ಶಾಂಭವಿ ನದಿಯ ದಂಡೆಯ ಸಣ್ಣ ಪೇಟೆ. ಮಂತ್ರ ಸರ್ಫ್ ಕ್ಲಬ್ ಅಲ್ಲಿ 2004ರಲ್ಲೇ ಶುರುವಾಗಿದೆ. ಪಕ್ಕದ ಸಸಿಹಿತ್ಲಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯಿತು, 2024ರಲ್ಲೂ ಅಲ್ಲೇ ಆಯಿತು. ದೇಶದ ದೊಡ್ಡ ಸರ್ಫಿಂಗ್ ಸ್ಪರ್ಧೆ ನಮ್ಮ ರಾಜ್ಯದ ಒಂದು ಮೀನುಗಾರರ ಊರಿನಲ್ಲಿ ನಡೆಯುತ್ತದೆ ಎಂದು ನನಗೆ ಐವತ್ತು ದಾಟಿದ ಮೇಲೆ ಗೊತ್ತಾಯಿತು ನೋಡಿ.

ಸರಿ, ಹೋಗೋಣ ಅಂದೆ. ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದೆ. 2025ರ ಆಗಸ್ಟ್ 15 ಶುಕ್ರವಾರ ಬಂದಿತ್ತು, ಶನಿವಾರ ಭಾನುವಾರ ಸೇರಿಸಿದರೆ ಮೂರು ದಿನ ರಜೆ. ಫೋನಿನಲ್ಲೇ ಒಂದು ಹೋಂಸ್ಟೇ ಬುಕ್ ಮಾಡಿ ದುಡ್ಡು ಕಟ್ಟಿದೆ. ಆ ಜಾಲತಾಣದ ಫೋಟೊಗಳಲ್ಲಿ ನೀಲಿ ನೀರು, ಬಿಳಿ ಮರಳು, ನಗುವ ಮಕ್ಕಳು. ಬುಕ್ ಮಾಡುವಾಗಾಗಲಿ, ದುಡ್ಡು ತೆಗೆದುಕೊಳ್ಳುವಾಗಾಗಲಿ, ಮಳೆಗಾಲದಲ್ಲಿ ನೀರಿಗೆ ಇಳಿಯುವ ಹಾಗಿಲ್ಲ ಎಂದು ಒಂದೇ ಒಂದು ಮಾತು ಯಾರೂ ಹೇಳಲಿಲ್ಲ.

ಶಿರಾಡಿ ಘಾಟಿಯಲ್ಲಿ ಮಳೆ, ಮಂಜು, ಉದ್ದದ ಲಾರಿ ಸಾಲು. ಹೋಗಿ ಸೇರುವಾಗ ಸಂಜೆ. ಕಿನಾರೆಗೆ ಹೋಗಿ ನಿಂತರೆ ಕಡಲು ಕೆಂಪು ಮಣ್ಣಿನ ಬಣ್ಣ. ಅಲೆ ಒಂದರ ಮೇಲೊಂದು ಬಿದ್ದು, ಬಡಿದು, ನೊರೆ ಗಾಳಿಮರಗಳ ಬುಡದವರೆಗೂ ಬರುತ್ತಿತ್ತು. ಕೆಲವು ಮರಗಳ ಬೇರು ಪೂರ್ತಿ ಹೊರಗೆ ಬಿದ್ದು ನೇತಾಡುತ್ತಿದ್ದವು. ಸದ್ದು ಎಷ್ಟೆಂದರೆ ಪಕ್ಕದಲ್ಲಿದ್ದ ಹೆಂಡತಿ ಮಾತಾಡಿದ್ದು ನನಗೆ ಕೇಳಲಿಲ್ಲ. ಅಲ್ಲೇ ಬಲೆ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ನೋಡಿ ಎದ್ದು ಬಂದರು. "ಎಲ್ಲಿಂದ ಬಂದದ್ದು? ಈಗ ಕಡಲು ಭಾರೀ ಜೋರುಂಟು ಮಾರಾಯ್ರೆ, ಮಗುವನ್ನು ಹತ್ತಿರ ಬಿಡ್ಲಿಕ್ಕೆ ಹೋಗ್ಬೇಡಿ" ಎಂದರು. ಹದಿನೇಳರ ಹುಡುಗಿಯನ್ನು ಮಗು ಎಂದರು. ಅವರಿಗೆ ಕೈ ಮುಗಿದು ವಾಪಸ್ ಬಂದೆವು. ಎರಡು ದಿನ ರೂಮಿನಲ್ಲಿ ಕೂತು ಮಳೆ ನೋಡಿದೆವು. ಮಗಳು ಏನೂ ಅನ್ನಲಿಲ್ಲ, ಅದೇ ನನಗೆ ಕಷ್ಟವಾಯಿತು. ದುಡ್ಡು ವಾಪಸ್ ಕೇಳಿದ್ದಕ್ಕೆ, ರೂಮು ಕೊಟ್ಟಿದ್ದೇವಲ್ಲ ಸರ್ ಎಂಬ ಉತ್ತರ ಬಂತು.

ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ಆದರೆ ನನ್ನಂಥವರಿಗೆ ಗೊತ್ತಾಗುವುದಾದರೂ ಹೇಗೆ? ಸರ್ಫಿಂಗ್ ಸ್ಪರ್ಧೆ ನಡೆಯುವುದು ಮೇ ಕೊನೆ, ಜೂನ್ ಶುರುವಿನಲ್ಲಿ, ಮಳೆಗಾಲ ಕಾಲಿಡುವ ಹೊತ್ತು. ಅಲೆ ದೊಡ್ಡದಾಗಿರಬೇಕು ಅಂತಲೇ ಆ ಸಮಯ. ಪತ್ರಿಕೆಗಳಲ್ಲಿ ದೊಡ್ಡ ದೊಡ್ಡ ಫೋಟೊ ಬರುವುದೂ ಆಗಲೇ. ಅದನ್ನು ನೋಡಿದವರು, ಓಹೋ ಇದೇ ಸೀಸನ್ ಅಂದುಕೊಂಡು ಜುಲೈಗೋ ಆಗಸ್ಟ್‌ಗೋ ಬುಕ್ ಮಾಡುತ್ತಾರೆ. ಆ ಫೋಟೊದಲ್ಲಿ ಇರುವವರು ಹುಟ್ಟಿದಾಗಿನಿಂದ ಕಡಲಿನಲ್ಲೇ ಆಡಿದವರು. ಕಲಿಯುವವರಿಗೆ ನವೆಂಬರ್‌ನಿಂದ ಮಾರ್ಚ್‌ವರೆಗಿನ ಸಣ್ಣ ಅಲೆಯೇ ಸರಿ. ಫೋಟೊದ ಕೆಳಗೆ ಇದನ್ನು ಒಂದು ಸಾಲು ಬರೆದಿದ್ದರೆ ನಾನು ಆಗಸ್ಟ್‌ನಲ್ಲಿ ಹೋಗುತ್ತಿರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವಂತಿಲ್ಲ. ಅದು ಮೀನು ಮರಿ ಹಾಕುವ ಕಾಲ ಅಂತ ಹಾಕಿದ ನಿಷೇಧ, ನಿಜ. ಆದರೂ ದೋಣಿಗಳೇ ದಡದಲ್ಲಿ ನಿಂತಿರುವ ಕಾಲದಲ್ಲಿ ನಾವು ಚಡ್ಡಿ ಟವೆಲ್ ಹಿಡಿದುಕೊಂಡು ಹೊರಡುತ್ತೇವೆ, ಅಲ್ವಾ?

ಎರಡನೇ ಸಲ ಹಾಗೆ ಮಾಡಲಿಲ್ಲ. ಸರ್ಫಿಂಗ್ ಕಲಿಸುವ ಹುಡುಗನೊಬ್ಬನ ನಂಬರ್ ಆ ಬಲೆ ಹೆಣೆಯುತ್ತಿದ್ದ ಹಿರಿಯರೇ ಕೊಟ್ಟಿದ್ದರು. ಡಿಸೆಂಬರ್‌ಗೆ ಬರುತ್ತೇವೆ ಎಂದು ಫೋನ್ ಮಾಡಿದಾಗ ಅವನು ಕೇಳಿದ ಮೊದಲ ಪ್ರಶ್ನೆ ಎಷ್ಟು ಜನ ಅಂತ ಅಲ್ಲ, ಎಷ್ಟು ದಿನ ಅಂತಲೂ ಅಲ್ಲ. "ನಿಮ್ಮ ಮನೆಯಲ್ಲಿ ಪಂಚಾಂಗ ಉಂಟಾ ಸರ್?" ಅಂದ. ಉಂಟು ಅಂದೆ. "ಹಾಗಾದ್ರೆ ಅಷ್ಟಮಿ ಯಾವಾಗ ನೋಡಿ. ಅದರ ಆಚೆ ಈಚೆ ಬನ್ನಿ. ಹುಣ್ಣಿಮೆ ಅಮಾವಾಸ್ಯೆಗೆ ಹೊಸಬರು ಬೇಡ."

ಇದರ ಅರ್ಥ ಅಲ್ಲಿಗೆ ಹೋದ ಮೇಲೆ ತಿಳಿಯಿತು. ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯ ಚಂದ್ರ ಎರಡೂ ಒಂದೇ ಸಾಲಿನಲ್ಲಿ ನಿಂತು ನೀರನ್ನು ಎಳೆಯುವುದರಿಂದ ಉಬ್ಬರವೂ ಜಾಸ್ತಿ, ಇಳಿತವೂ ಜಾಸ್ತಿ. ಅಷ್ಟಮಿ ಹೊತ್ತಿಗೆ ಏರಿಳಿತ ಕಮ್ಮಿ. ಸಸಿಹಿತ್ಲು ಎಂದರೆ ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು, ನಡುವೆ ಉದ್ದಕ್ಕೆ ಮಲಗಿರುವ ಮರಳಿನ ಪಟ್ಟಿ. ಶಾಂಭವಿ, ನಂದಿನಿ ಎರಡೂ ನದಿ ಸೇರಿ ಅಲ್ಲೇ ಕಡಲಿಗೆ ಬೀಳುತ್ತವೆ. ಆ ಜಾಗವನ್ನು ಅವರು ಅಳಿವೆ ಅನ್ನುತ್ತಾರೆ. ಅಮಾವಾಸ್ಯೆಯ ಇಳಿತದಲ್ಲಿ ಅಳಿವೆಯ ನೀರು ಹೊರಗೆ ಓಡುವ ರಭಸಕ್ಕೆ ಈಜು ಬರುವವರೂ ನಿಲ್ಲುವುದು ಕಷ್ಟ. ನಮ್ಮ ಮನೆಯಲ್ಲಿ ಅಷ್ಟಮಿ, ಅಮಾವಾಸ್ಯೆ ನೋಡುವುದು ಪೂಜೆಗೆ, ಹೊಸ ಕೆಲಸ ಶುರು ಮಾಡುವುದಕ್ಕೆ. ಅದೇ ಹಾಳೆಯಲ್ಲಿ ಕಡಲಿನ ಲೆಕ್ಕವೂ ಇದೆ ಎಂದು ಲೆಕ್ಕ ಬರೆಯುವ ನನಗೇ ಗೊತ್ತಿರಲಿಲ್ಲ.

ಕ್ರಿಸ್‌ಮಸ್ ಕಳೆದು ಮಾರನೆಯ ದಿನ ಹೋದೆವು, ನಾಲ್ಕು ದಿನಕ್ಕೆ. ಈ ಸಲ ನದಿ ಕಡೆಯ ಒಂದು ಮನೆಯಲ್ಲಿ ಉಳಿದೆವು. ಮೂಲ್ಕಿಯಲ್ಲಿ ಕೊಂಕಣ ರೈಲ್ವೆ ನಿಲ್ದಾಣ ಇದೆ, ಎಲ್ಲ ರೈಲೂ ನಿಲ್ಲುವುದಿಲ್ಲ. ಮಂಗಳೂರಿನಿಂದ ಉಡುಪಿಗೆ ಹೋಗುವ ಖಾಸಗಿ ಬಸ್‌ಗಳು ಬೇಕಾದಷ್ಟಿವೆ, ಅದೇ ಸುಲಭ.

ಮೊದಲ ದಿನ ಆ ಹುಡುಗ ನಮ್ಮನ್ನು ನೀರಿಗೇ ಇಳಿಸಲಿಲ್ಲ. ಮರಳಿನ ಮೇಲೆ ಕೂರಿಸಿ ಕಡಲು ನೋಡಿ ಅಂದ. ಅರ್ಧ ಗಂಟೆ ಸುಮ್ನೆ ನೋಡಿದೆವು. ಆಮೇಲೆ ನನ್ನನ್ನು ಕೇಳಿದ, "ಸರ್, ನೀವು ಸ್ನಾನಕ್ಕೆ ಇಳಿಯುವುದಾದ್ರೆ ಎಲ್ಲಿ ಇಳಿತೀರಿ?" ನಾನು ಕೈ ತೋರಿಸಿದೆ. ಎರಡು ಕಡೆಯೂ ಬಿಳಿ ನೊರೆ ಒಡೆಯುತ್ತಿತ್ತು, ನಡುವೆ ಒಂದು ಹತ್ತಿಪ್ಪತ್ತು ಅಡಿ ಅಗಲ ಅಲೆಯೇ ಇಲ್ಲ, ನೀರು ಸ್ವಲ್ಪ ಕಪ್ಪಗೆ, ಸಪಾಟಾಗಿ, ನಮ್ಮೂರ ಕೆರೆಯ ಹಾಗೆ. ಅಲ್ಲಿ ಎಂದೆ. ಅವನು ಒಣಗಿದ ತೆಂಗಿನಕಾಯಿ ಚಿಪ್ಪೊಂದನ್ನು ಎತ್ತಿ ಸರಿಯಾಗಿ ಅಲ್ಲಿಗೇ ಎಸೆದ. ಚಿಪ್ಪು ದಡಕ್ಕೆ ಬರಲಿಲ್ಲ. ನಾವು ನೋಡುತ್ತಿದ್ದಂತೆ ನೇರ ಒಳಗೆ, ಕಡಲಿನ ಕಡೆಗೆ, ಯಾರೋ ದಾರ ಕಟ್ಟಿ ಎಳೆದ ಹಾಗೆ ಹೋಯಿತು. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗುವ ದಾರಿ ಅದು. ಅದಕ್ಕೇ ಅಲ್ಲಿ ಅಲೆ ಒಡೆಯುವುದಿಲ್ಲ, ಅದಕ್ಕೇ ಅದು ಶಾಂತವಾಗಿ ಕಾಣುತ್ತದೆ.

ಸಂಪಾದಕರೇ, ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ನೀರುಪಾಲಾದ ಸುದ್ದಿ ನೆನಪಾಯಿತು. ಕೋಲಾರದ ಮಕ್ಕಳಿಗೆ, ತಿಪಟೂರಿನ ಮಕ್ಕಳಿಗೆ ಕೆರೆ ಗೊತ್ತು, ಬಾವಿ ಗೊತ್ತು. ಅಲೆ ಇಲ್ಲದ ಜಾಗವೇ ಅಪಾಯ ಎಂದು ನಮಗೆ ಯಾರು ಹೇಳಿಕೊಟ್ಟಿದ್ದಾರೆ? ಹಾಗೆ ಕಡಲಿನ ಕಡೆಗೆ ಎಳೆಯುವ ನೀರಿನ ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಗುದ್ದಾಡಬಾರದು, ದಡಕ್ಕೆ ಉದ್ದಕ್ಕೆ, ಅಡ್ಡವಾಗಿ ಈಜಿ ಆ ದಾರಿಯಿಂದ ಹೊರಗೆ ಬರಬೇಕು, ಈಜು ಬಾರದವರು ತೇಲುತ್ತ ಕೈ ಎತ್ತಿ ಕೂಗಬೇಕು ಎಂದು ನಾನು ಕಲಿತದ್ದೂ ಆ ಹುಡುಗನಿಂದಲೇ. ಇದನ್ನು ಪಠ್ಯಪುಸ್ತಕದಲ್ಲೇ ಹಾಕಬೇಕು.

ಎರಡನೇ ದಿನ ಬೆಳಿಗ್ಗೆ ಆರೂವರೆಗೆ ಮಗಳೂ ಆ ಹುಡುಗನೂ ನೀರಿಗಿಳಿದರು. ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಗಾಳಿ ಎದ್ದು ನೀರು ಕೆದಕಿದ ಹಾಗಾಗುತ್ತದೆ, ಬೆಳಿಗ್ಗೆ ನಯವಾಗಿರುತ್ತದೆ. ಕಲಿಯುವವರಿಗೆ ಕೊಡುವುದು ಮೆತ್ತನೆಯ ಫೋಮ್ ಬೋರ್ಡ್, ಅವಳಿಗಿಂತ ಎರಡು ಪಟ್ಟು ಉದ್ದ ಇತ್ತು. ಕಾಲಿಗೆ ಒಂದು ಹಗ್ಗ ಕಟ್ಟುತ್ತಾರೆ, ಬಿದ್ದರೂ ಬೋರ್ಡ್ ದೂರ ಹೋಗಬಾರದು ಅಂತ. ಸೊಂಟದವರೆಗಿನ ನೀರು, ಅದಕ್ಕಿಂತ ಮುಂದೆ ಬಿಡಲಿಲ್ಲ. ಬೋರ್ಡ್ ಮೇಲೆ ಹೊಟ್ಟೆ ಅಡಿ ಮಾಡಿ ಮಲಗುವುದು, ಹಿಂದಿನಿಂದ ನೊರೆ ಬಂದು ತಳ್ಳಿದಾಗ ಎರಡೂ ಕೈ ಊರಿ ಒಂದೇ ಸಲಕ್ಕೆ ಎದ್ದು ನಿಲ್ಲುವುದು. ಕೇಳುವುದಕ್ಕೆ ಸುಲಭ. ಅವಳು ಎಷ್ಟು ಸಲ ಬಿದ್ದಳೋ ಲೆಕ್ಕ ಇಲ್ಲ. ಮೊಣಕಾಲು ತರಚಿತು, ಮೂಗಿಗೆ ಉಪ್ಪುನೀರು ಹೋಗಿ ಕಣ್ಣೆಲ್ಲ ಕೆಂಪು. "ಕಾಲು ನೋಡ್ಬೇಡ, ದಡದ ತೆಂಗಿನಮರ ನೋಡು" ಎಂದು ಆ ಹುಡುಗ ಕೂಗುತ್ತಲೇ ಇದ್ದ. ಮೂರನೇ ದಿನ ಒಂದು ಅಲೆಗೆ ಎದ್ದು ನಿಂತಳು. ಮಂಡಿ ಬಗ್ಗಿಸಿ, ಕೈ ಎರಡೂ ಚಾಚಿ, ಮರಳು ತಾಗುವವರೆಗೂ ನಿಂತೇ ಬಂದಳು. ನಾಲ್ಕೈದು ಸೆಕೆಂಡ್ ಇರಬೇಕು. ಇಳಿದು ನಮ್ಮ ಕಡೆ ತಿರುಗಿ ನೋಡಿದ ಆ ಮುಖವನ್ನು ನಾನು ಮರೆಯುವುದಿಲ್ಲ.

ಉಳಿದ ಹೊತ್ತು ಮೂಲ್ಕಿ ಸುತ್ತಿದೆವು. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಕಟ್ಟಿಸಿದ್ದು ಎಂದು ಊರವರೇ ಪ್ರೀತಿಯಿಂದ ಹೇಳುವ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನಕ್ಕೆ ಹೋದೆವು. ಶಾಂಭವಿಯಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ದೋಣಿಯಲ್ಲಿ ಸುತ್ತಿದೆವು. ನಾವು ಮೀನು ತಿನ್ನುವವರಲ್ಲ, ನೀರುದೋಸೆ, ಗೋಳಿಬಜೆಯಲ್ಲೇ ಹೊಟ್ಟೆ ತುಂಬಿತು. ಇನ್ನೊಂದು ಮಾತು. ಸಸಿಹಿತ್ಲಿನ ಮರಳಿನಲ್ಲಿ 2024ರಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಟ್ಟಿದ್ದವು, ಅರಣ್ಯ ಇಲಾಖೆಯವರು ಬೇಲಿ ಹಾಕಿ ಕಾದಿದ್ದರು. ಆಮೆ ಬರುವುದೂ ನಾವು ಹೋಗುವ ಅದೇ ಚಳಿಗಾಲದಲ್ಲೇ. ಹೋಗುವವರು ದಯವಿಟ್ಟು ಮರಳಿನ ಮೇಲೆ ಕಾರು ಬೈಕು ಓಡಿಸಬೇಡಿ, ರಾತ್ರಿ ದೀಪ ಹಾಕಿ ಕುಣಿಯಬೇಡಿ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಇದಕ್ಕೆ ಪತ್ರಿಕೆಯವರು ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಬಂದರುಗಳ ಉಬ್ಬರ ಇಳಿತದ ಪಟ್ಟಿಯನ್ನು ಸರ್ವೆ ಆಫ್ ಇಂಡಿಯಾ ಇಡೀ ವರ್ಷಕ್ಕೆ ಮೊದಲೇ ಲೆಕ್ಕ ಹಾಕಿ ಪ್ರಕಟಿಸುತ್ತದೆ. ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ನಿನ್ನೆ ಕೇಳಿದ್ದನ್ನು ನಂಬಿ ಇವತ್ತು ಹೋಗುವುದಕ್ಕಾಗುವುದಿಲ್ಲ, ದಿನಾ ಹಾಕಬೇಕು. ಅಲೆಯ ಮುನ್ಸೂಚನೆಯನ್ನು ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಇನ್‌ಕಾಯಿಸ್ ಸಂಸ್ಥೆ ಕೊಡುತ್ತದೆ. ನಮ್ಮ ಕರಾವಳಿಗೆ ಬರುವ ಕೆಲವು ಅಲೆಗಳು ಎಲ್ಲೋ ದೂರದ ದಕ್ಷಿಣ ಮಹಾಸಾಗರದ ಬಿರುಗಾಳಿಗೆ ಹುಟ್ಟಿ ಸಾವಿರಾರು ಕಿಲೋಮೀಟರ್ ದಾಟಿ ಬರುತ್ತವಂತೆ. ಇಲ್ಲಿ ಗಾಳಿ ಇರುವುದಿಲ್ಲ, ಮೋಡ ಇರುವುದಿಲ್ಲ, ಬಿಸಿಲು ಚೆನ್ನಾಗಿರುತ್ತದೆ, ಕಡಲು ಮಾತ್ರ ಇದ್ದಕ್ಕಿದ್ದಂತೆ ಉಕ್ಕುತ್ತದೆ. ಕೇರಳದವರು ಅದಕ್ಕೆ ಕಳ್ಳಕ್ಕಡಲ್ ಎಂದು ಹೆಸರಿಟ್ಟಿದ್ದಾರೆ, ಕಳ್ಳನ ಹಾಗೆ ಬರುವ ಕಡಲು ಅಂತ. ಅದಕ್ಕೂ ಈ ಸಂಸ್ಥೆ 2020ರಿಂದ ಮುನ್ಸೂಚನೆ ಕೊಡುತ್ತಿದೆ. ಮೀನುಗಾರರಿಗೆ ಅದು ತಲುಪುತ್ತದೆ. ಹಾಸನ, ತುಮಕೂರು, ದಾವಣಗೆರೆಯಿಂದ ಶುಕ್ರವಾರ ರಾತ್ರಿ ಬಸ್ ಹತ್ತುವವರಿಗೆ ತಲುಪುವುದಿಲ್ಲ. ಅದನ್ನು ತಲುಪಿಸುವುದು ನಿಮ್ಮಿಂದ ಆಗುತ್ತದೆ. ಕರಾವಳಿ ಆವೃತ್ತಿಯಲ್ಲಿ ಮಾತ್ರ ಹಾಕಿ ಸುಮ್ಮನಾಗಬೇಡಿ, ನಮ್ಮ ಕಡೆಯ ಆವೃತ್ತಿಗಳಲ್ಲೂ ಹಾಕಿ.

ಕಿನಾರೆಯಲ್ಲಿ ಕೆಂಪು ಬಾವುಟ, ಕನ್ನಡದಲ್ಲಿ ದೊಡ್ಡ ಫಲಕ, ಕಾವಲಿಗೆ ಈಜು ಬಲ್ಲ ಆ ಊರಿನದೇ ಹುಡುಗರು, ಇವೆಲ್ಲ ಸರ್ಕಾರದ ಕೆಲಸ, ಅದಕ್ಕೆ ಬೇರೆ ಅರ್ಜಿ ಬರೆಯುತ್ತೇನೆ.

ಮಗಳು ಫೆಬ್ರವರಿಯಲ್ಲಿ ಮತ್ತೆ ಹೋಗಬೇಕು ಅನ್ನುತ್ತಿದ್ದಾಳೆ. ಪಂಚಾಂಗ ತಂದು ಅಷ್ಟಮಿಗೆ ಅವಳೇ ಪೆನ್ಸಿಲ್‌ನಲ್ಲಿ ಸುತ್ತು ಹಾಕಿಟ್ಟಿದ್ದಾಳೆ. ಅವತ್ತು ಇಳಿತ ಎಷ್ಟು ಗಂಟೆಗೆ ಎಂದು ಅವಳು ನಿಮ್ಮ ಪತ್ರಿಕೆಯಲ್ಲೇ ನೋಡುವ ಹಾಗೆ ಮಾಡಿ.

ಇಂತಿ,
ನಿಮ್ಮ ದಿನದ ಓದುಗ,
ತಿಪಟೂರು